ಬಾವಿಗೆ ಬಿದ್ದ ನನ್ನ ಎಂ.ಎ.

ನನಗೆ ಸಿಟ್ಟು ಬರಿಸುವುದು ಬಹಳ ಸುಲಭ. ಬೈಯಬೇಕಿಲ್ಲ, ಕಾಲು ತುಳಿಯಬೇಕಿಲ್ಲ. 'ನೀವು ಏನು ಓದಿದ್ದೀರಿ?' ಎಂದು ಕೇಳಿದರೆ ಸಾಕು. ಮೊನ್ನೆ ಮುದ್ದೇಬಿಹಾಳದ ಬಸ್ಸಿನಲ್ಲಿ ಪಕ್ಕದ ಹಿರಿಯರೊಬ್ಬರು ಕೇಳಿಯೇಬಿಟ್ಟರು. ಸಮಕಾಲೀನ ಕಲಾ ಸಿದ್ಧಾಂತ ಮತ್ತು ವಿಮರ್ಶೆಯಲ್ಲಿ ಎಂ.ಎ. ಎಂದೆ. ಅವರು ಟೊಪ್ಪಿಗೆ ಸರಿಪಡಿಸಿಕೊಂಡು, "ಅಂದ್ರ ಚಿತ್ರಾ ತಗೀತೀರೇನ್ರಿ?" ಎಂದರು. "ಇಲ್ರಿ, ಮಂದಿ ತೆಗೆದ ಚಿತ್ರದ ಬಗ್ಗೆ ಬರಿಯೂದು" ಎಂದೆ. "ಹಂಗಂದ್ರ ಮಂದಿ ಮಾಡಿದ್ದಕ್ಕ ಹೆಸರಿಡೂದು, ತಪ್ಪ ಹುಡುಕೂದು ಅನ್ರಿ. ನಮ್ಮ ಓಣ್ಯಾಗ ಅದನ್ನ ಓದಲಾರದನ ಮಾಡ್ತಾರಲ್ರಿ!" ಎಂದು ಸುತ್ತಲಿನವರ ಮುಖ ನೋಡಿದರು. ಎಲ್ಲರೂ ನಕ್ಕರು. ನಾನು ಕಿಟಕಿಯ ಕಡೆ ತಿರುಗಿ ಕುಳಿತೆ. ಸಿಟ್ಟು ಬಂದದ್ದು ಅವರು ತಪ್ಪು ಹೇಳಿದರೆಂದಲ್ಲ, ಎರಡು ವರ್ಷ ನಾನು ತಿಳಿಯಲು ಒದ್ದಾಡಿದ್ದನ್ನು ಅವರು ಎರಡು ನಿಮಿಷದಲ್ಲಿ ಹೇಳಿದರೆಂದು.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ವಿಶ್ವವಿದ್ಯಾಲಯ ಸೇರಿದಾಗ ನಮ್ಮ ಗುರುಗಳಿಗೆ ಒಂದು ಶಬ್ದದ ಮೇಲೆ ವಿಪರೀತ ಮೋಹವಿತ್ತು: 'ಸಮಸ್ಯೀಕರಿಸು'. ಏನು ಬರೆದು ಒಯ್ದರೂ, "ಚೆನ್ನಾಗಿದೆ, ಆದರೆ ನೀನು ಇದನ್ನು ಸಮಸ್ಯೀಕರಿಸಿಲ್ಲ" ಎಂದು ವಾಪಸು ಕೊಡುತ್ತಿದ್ದರು. ಸಿಂದಗಿಯಂಥ ಊರಿನಿಂದ ಬಂದವನಿಗೆ ಸಮಸ್ಯೆಗಳ ಕೊರತೆಯೇ? ನಲ್ಲಿಗೆ ನೀರಿಲ್ಲ, ಇಂಡಿಗೆ ಹೋಗುವ ಬಸ್ಸು ಹೇಳಿದ ಹೊತ್ತಿಗೆ ಬರುವುದಿಲ್ಲ. ಆದರೆ ಅವರಿಗೆ ಬೇಕಾಗಿದ್ದು ಎಲ್ಲೂ ಇಲ್ಲದ ಸಮಸ್ಯೆ. ಹಾಸ್ಟೆಲಿನ ಮಂಚದ ಮೇಲೆ ಮಸಿ ಹತ್ತಿದ ಝೆರಾಕ್ಸ್ ಹಾಳೆಗಳನ್ನು ಹರಡಿಕೊಂಡು, ಅರ್ಧ ಪುಟದಷ್ಟು ಉದ್ದದ ವಾಕ್ಯಗಳಲ್ಲಿ ಕ್ರಿಯಾಪದ ಹುಡುಕುತ್ತಾ ಹಲ್ಲು ಕಡಿಯುತ್ತಿದ್ದೆ. ಬರೆದವರ ಮೇಲೆ ಸಿಟ್ಟು, ಓದಿಸಿದವರ ಮೇಲೆ ಸಿಟ್ಟು, ಅರ್ಥವಾದಂತೆ ತಲೆಯಾಡಿಸುವ ಸಹಪಾಠಿಗಳ ಮೇಲಂತೂ ಹೇಳತೀರದ ಸಿಟ್ಟು. ನಾನೂ ತಲೆಯಾಡಿಸುತ್ತಿದ್ದೆ ಎನ್ನುವುದು ಬೇರೆ ಮಾತು.

ಕೊನೆಗೆ ಪ್ರಬಂಧಕ್ಕೆ ವಿಷಯ ಸಿಕ್ಕಿದ್ದು ನಮ್ಮ ಮನೆಯ ಜಗಲಿಯ ಮೇಲೆ. ಮಣ್ಣೆತ್ತಿನ ಅಮಾವಾಸ್ಯೆಗೆ ನಮ್ಮ ದೊಡ್ಡವ್ವ, ಅಂದರೆ ದೊಡ್ಡಪ್ಪನ ಹೆಂಡತಿ, ಎರಿಮಣ್ಣು ಕಲಸಿ ಒಂದು ಜೋಡಿ ಎತ್ತು ಮಾಡುತ್ತಾಳೆ. ಕಣ್ಣಿಗೆ ಗುಲಗಂಜಿ, ಮುಂದೆ ಮೇವು ಹಾಕುವ ಪುಟ್ಟ ಗ್ವಾದಲಿ. ಅವತ್ತು ಪೂಜೆ, ಮರುದಿನ ಹೊಲದ ಬಾವಿಗೆ. ಇಟ್ಟುಕೊಳ್ಳುವ ಪದ್ಧತಿ ಇಲ್ಲ. ಗುರುಗಳು ಕೇಳಿ ಕುರ್ಚಿಯಿಂದ ಅರ್ಧ ಎದ್ದರು. ನಾನು ನೂರು ಪುಟ ಬರೆದೆ. ಮಾರುಕಟ್ಟೆಗೆ, ವಸ್ತುಸಂಗ್ರಹಾಲಯಕ್ಕೆ, ಶಾಶ್ವತದ ಹುಚ್ಚಿಗೆ ಈ ಎತ್ತು ಹೇಗೆ ಸವಾಲು ಹಾಕುತ್ತದೆ ಎಂದು ಬರೆದೆ. 'ಕರಗುವುದೇ ಈ ಕೃತಿಯ ಪೂರ್ಣತೆ' ಎಂಬ ವಾಕ್ಯ ಬರೆದ ದಿನ ನನಗೇ ನನ್ನ ಮೇಲೆ ಗೌರವ ಬಂತು. ಆ ವರ್ಷದ ಜೋಡಿಯಲ್ಲಿ ಒಂದು ಎತ್ತಿನ ಎಡಗೋಡು ಸೊಟ್ಟಗಿತ್ತು. ಅದರ ಮೇಲೆಯೇ ಒಂದು ಅಧ್ಯಾಯ: ಪಾಶ್ಚಾತ್ಯ ಸಮಮಿತಿಯ ವಿರುದ್ಧ ಗ್ರಾಮೀಣ ಮಹಿಳೆಯ ಪ್ರತಿರೋಧ.

ಆದರೆ ಮೌಖಿಕ ಪರೀಕ್ಷೆಗೆ ಕೃತಿಯನ್ನೇ ತಂದು ತೋರಿಸಬೇಕಿತ್ತು. ಅದು ಚೆನ್ನಾಗಿ ಆದರೆ ಮೊದಲ ದರ್ಜೆ. ಮೊದಲ ದರ್ಜೆ ಬಂದರೆ ಉಪನ್ಯಾಸಕನ ಕೆಲಸದ ಆಸೆ. ಹಾಗಾಗಿ ಆ ಜೋಡಿಯನ್ನು 'ಬಾವಿಗೆ ಬಿಟ್ಟು ಬಂದೆ' ಎಂದು ದೊಡ್ಡವ್ವನಿಗೆ ಸುಳ್ಳು ಹೇಳಿ, ಬೂಟಿನ ಡಬ್ಬಿಯಲ್ಲಿ ಹತ್ತಿ ಹಾಸಿ ಮಲಗಿಸಿ, ಹಾಸ್ಟೆಲಿಗೆ ಒಯ್ದು ಒಂದು ವರ್ಷ ಕಾಪಾಡಿದ್ದೆ. ಪರೀಕ್ಷೆಗೆ ನಾಲ್ಕು ದಿನ ಮೊದಲು ಮತ್ತೆ ಅದೇ ಅಮಾವಾಸ್ಯೆ ಬಂತು. ಹಾಸ್ಟೆಲಿನ ಗೆಳೆಯರ ಮೇಲೆ ನಂಬಿಕೆಯಿಲ್ಲದೆ ಡಬ್ಬಿಯನ್ನೂ ಹಬ್ಬಕ್ಕೆ ಊರಿಗೆ ತಂದೆ. ಅದೇ ನಾನು ಮಾಡಿದ ತಪ್ಪು.

ಹಬ್ಬದ ಮರುದಿನ ಸ್ನಾನ ಮುಗಿಸಿ ಬಂದು ನೋಡಿದರೆ ಡಬ್ಬಿಯಲ್ಲಿ ಬರೀ ಹತ್ತಿ. ದೊಡ್ಡವ್ವ ಹೊಲದಿಂದ ಬರಿಗೈಯಲ್ಲಿ ಬರುತ್ತಿದ್ದಳು.

"ಏ ಹುಚ್ಚಪ್ಪ, ಪೂಜಿ ಮಾಡಿದ ಎತ್ತ ವರ್ಷಗಟ್ಟಲೆ ಡಬ್ಬ್ಯಾಗ ಕೂಡಿ ಹಾಕಿದ್ಯಲ್ಲೋ! ನೀರಿಲ್ಲ, ಮೇವಿಲ್ಲ. ಹೊಸಾವ್ರ ಜೋಡಿ ಅವನ್ನೂ ಬಾವಿಗೆ ಬಿಟ್ಟ ಬಂದೀನಿ" ಎಂದಳು.

"ದೊಡ್ಡವ್ವಾ, ಅದು ನನ್ನ ಪ್ರಬಂಧ!" ಎಂದು ಓಣಿಗೆಲ್ಲ ಕೇಳುವಂತೆ ಕಿರುಚಿದೆ.

"ಪ್ರಬಂಧ ಟ್ರಂಕಿನ ಮ್ಯಾಲ ಐತಿ. ಅದಕ್ಕ ನಾ ಕೈ ಹಚ್ಚಿಲ್ಲ."

ಬಾವಿಯ ಮೆಟ್ಟಿಲಿಳಿದು ನೋಡಿದೆ. ಮೂಲೆಯಲ್ಲಿ ನೀರು ಸ್ವಲ್ಪ ಕದಡಿತ್ತು. ತಿರುಗಿ ಬಂದು ಮತ್ತೆ ಕೂಗಾಡಿದೆ. ಅವಳು ಶಾಂತವಾಗಿ, "ಇನ್ನೊಂದು ಜೋಡಿ ಮಾಡಿ ಕೊಡ್ತೇನಿ, ಕುಂದ್ರು" ಎಂದಳು. ಆ ಸೊಟ್ಟ ಕೋಡು ಮತ್ತೆ ಬರುತ್ತದೆಯೇ ಎಂದು ಹಾರಾಡಿದೆ. "ಅದಾ? ಅವತ್ತ ಒಲಿ ಮ್ಯಾಲ ಹಾಲ ಉಕ್ಕಾಕತ್ತಿತ್ತು. ಎದ್ದು ಓಡೂವಾಗ ಸೆರಗ ತಾಕಿ ಸೊಟ್ಟ ಆತು. ಬೇಕಂದ್ರ ಈಗೂ ಸೊಟ್ಟ ಮಾಡ್ತೇನಿ ತಗೋ." ನನ್ನ ಪ್ರತಿರೋಧದ ಅಧ್ಯಾಯ ಹಾಲಿನ ಜೊತೆ ಉಕ್ಕಿ ಹೋಯಿತು. ಸಿಟ್ಟಿನಲ್ಲಿ ಹೊಸ ಜೋಡಿ ಬೇಡವೆಂದೆ, ಊಟವನ್ನೂ ಬೇಡವೆಂದೆ. ಊಟದ ವಿಷಯದಲ್ಲಿ ಸಂಜೆಗೆ ಮನಸ್ಸು ಬದಲಾಯಿಸಿದೆ.

ಪರೀಕ್ಷೆಗೆ ಹೊರಗಿನಿಂದ ಬಂದ ಮೇಡಂ ಕನ್ನಡಕದ ಮೇಲಿಂದ ನೋಡಿ, "ಕೃತಿ ಎಲ್ಲಿ?" ಎಂದರು. ಎರಡು ವರ್ಷ ಕಲಿತ ಪರಿಭಾಷೆಯೆಲ್ಲ ಕೈಕೊಟ್ಟು, "ಬಾವ್ಯಾಗ ಐತ್ರಿ" ಎಂಬುದಷ್ಟೇ ಬಾಯಿಂದ ಬಂತು. ಬೇಕೆಂದು ಮಾಡಿದ್ದಲ್ಲ, ದೊಡ್ಡವ್ವ ಹಾಳು ಮಾಡಿದಳು, ಸ್ವಲ್ಪ ಕಾಲಾವಕಾಶ ಕೊಡಿ ಎಂದು ಅಂಗಲಾಚಿದೆ. ಅವರು ನನ್ನ ಪ್ರಬಂಧವನ್ನು ತಿರುವಿ, ಆ ಹೆಮ್ಮೆಯ ವಾಕ್ಯದ ಮೇಲೆ ಬೆರಳಿಟ್ಟರು. "ಕರಗುವುದೇ ಪೂರ್ಣತೆ ಅಂತ ನೀವೇ ಬರೆದಿದ್ದೀರಿ. ಹಾಗಾದರೆ ಕೃತಿ ಪೂರ್ಣವಾಯಿತಲ್ಲ, ನೀವು ಅಳುತ್ತಿರುವುದು ಯಾಕೆ?" ಗುರುಗಳು ಛಾವಣಿ ನೋಡುತ್ತಿದ್ದರು. ಎರಡನೇ ದರ್ಜೆ ಕೊಟ್ಟರು. ಈಗ ಮುದ್ದೇಬಿಹಾಳದ ಒಂದು ಸಾಲೆಯಲ್ಲಿ ಡ್ರಾಯಿಂಗ್ ಮಾಸ್ತರನಾಗಿದ್ದೇನೆ.

ಸಿಟ್ಟು ಇನ್ನೂ ಹೋಗಿಲ್ಲ. ಗುರುಗಳ ಮೇಲಿದೆ, ಮೇಡಂ ಮೇಲಿದೆ, ದೊಡ್ಡವ್ವನ ಮೇಲೆ ಎಲ್ಲಕ್ಕಿಂತ ಜಾಸ್ತಿ ಇದೆ. ಕೆಂಪು ರೆಕ್ಸಿನ್ನಿನ ರಟ್ಟಿನ ಮೇಲೆ ಬಂಗಾರದ ಅಕ್ಷರ ಬರೆಸಿದ ನನ್ನ ಪ್ರಬಂಧ ಊರಿನ ಮನೆಯ ಗಾಜಿನ ಕಪಾಟಿನಲ್ಲಿದೆ, ಯಾರೂ ಮುಟ್ಟುವಂತಿಲ್ಲ. ಪ್ರತಿ ವರ್ಷ ಹಬ್ಬದ ಮರುದಿನ ಎತ್ತು ಹಿಡಿದು ಬಾವಿಗೆ ಹೊರಟ ದೊಡ್ಡವ್ವ ಕಪಾಟಿನ ಮುಂದೆ ಒಂದು ಗಳಿಗೆ ನಿಲ್ಲುತ್ತಾಳೆ. "ಅಲ್ಲೋ ತಮ್ಮಾ, ಇದರ ಪೂಜೀನೂ ಮುಗದು ಭಾಳ ವರ್ಷ ಆತು. ಇದನ್ನ ಯಾವಾಗ ನೀರಿಗೆ ಬಿಡ್ತಿ?" ಎಂದು ಕೇಳುತ್ತಾಳೆ. ಈ ವರ್ಷವೂ ಕೇಳಿದಳು. ಅವಳು ಅತ್ತ ಹೋದ ಮೇಲೆ, ಮಳೆಗಾಲವೆಂದು ಪ್ರಬಂಧಕ್ಕೆ ಇನ್ನೊಂದು ಪ್ಲಾಸ್ಟಿಕ್ ಚೀಲ ಸುತ್ತಿದೆ.