ಕಳೀತಾ ಹೋಗ್ರಿ, ಭಾಗಾಕಾರ ತಾನ ಬರ್ತೈತಿ

ಮಕ್ಕಳಿಗೆ ಲೆಕ್ಕ ಬರದಿದ್ದರೆ ಮಾಸ್ತರರನ್ನು ತರಬೇತಿಗೆ ಕಳಿಸುತ್ತಾರೆ, ಬಂದರೂ ಕಳಿಸುತ್ತಾರೆ. ರೋಣದ ಕಡೆಯ ಹಳ್ಳಿಯೊಂದರಲ್ಲಿ ಮೂರನೇ ತರಗತಿಗೆ ಪಾಠ ಹೇಳುವ ನನಗೆ ಹೀಗಾಗಿ ನಗುವುದಕ್ಕೆ ಎಂದೂ ಕೊರತೆ ಬಿದ್ದಿಲ್ಲ.

೧. ನಾನೇ ಶೇಷ

ನರಗುಂದದಲ್ಲಿ ತರಬೇತಿ. ಭಾಗಾಕಾರವೆಂದರೆ ಮತ್ತೆ ಮತ್ತೆ ಕಳೆಯುವುದು, ಅಷ್ಟೇ. ಇಷ್ಟು ಹೇಳಲು ಮೂರು ದಿನ.

ತರಬೇತಿ ಕೊಡುವವರು ನಮ್ಮನ್ನೇ ಲೆಕ್ಕ ಮಾಡಿದರು. ಇಪ್ಪತ್ತಾರು ಮಾಸ್ತರರಲ್ಲಿ ಐದೈದು ಜನರನ್ನು ಎಬ್ಬಿಸಿ ಗೋಡೆಯ ಬದಿಗೆ ನಿಲ್ಲಿಸಿದರು. ಐದು ಸಲ ಹೀಗೆ ಮಾಡಿದ ಮೇಲೆ ಕುರ್ಚಿಯಲ್ಲಿ ಉಳಿದವನು ನಾನೊಬ್ಬನೇ.

"ನೋಡ್ರಿ, ಇವ್ರು ಶೇಷ," ಎಂದರು.

ಆಮೇಲೆ ಗುಂಪು ಚಟುವಟಿಕೆ. "ನಾ ಯಾವ ಗುಂಪಿಗ್ರಿ ಸರ್?" ಎಂದು ಕೇಳಿದೆ.

"ಶೇಷಕ್ಕ ಗುಂಪ ಇರೂದಿಲ್ರಿ. ನೀವು ಚಾ ಬಂತೇನು ನೋಡ್ರಿ."

ಮೂರೂ ದಿನ ಚಹಾ ನೋಡಿದೆ. ಸಕ್ರಿಯವಾಗಿ ಭಾಗವಹಿಸಿದ್ದೇನೆಂದು ಪ್ರಮಾಣಪತ್ರವನ್ನೂ ಕೊಟ್ಟರು.

೨. ಕಳೆಯುವ ಲಾಭ

ತರಬೇತಿ ಮುಗಿಸಿ ಹೊರಡುವಾಗ ಶಿಕ್ಷಣ ಇಲಾಖೆಯ ದೊಡ್ಡ ಸಾಹೇಬರು ಎಚ್ಚರಿಸಿದ್ದರು: "ನಾ ತಪಾಸಣಿಗೆ ಬರ್ತೀನಿ. ಮಕ್ಕಳಿಗೆ ಬರಲಿಲ್ಲಂದ್ರ ಬ್ಯಾಸಗಿ ಸೂಟಿ ಪೂರಾ ನೀವು ಇಲ್ಲೇ ತರಬೇತಿಗೆ." ನನಗೆ ಇರುವುದೇ ಅದೊಂದು ದೊಡ್ಡ ರಜೆ.

ಮರುದಿನವೇ ಇಪ್ಪತ್ತು ಹುಣಸೆ ಬೀಜ ಹರವಿ, ನಾಲ್ಕು ನಾಲ್ಕು ತೆಗೆಯುತ್ತ ಎಷ್ಟು ಸಲವಾಯಿತೆಂದು ಎಣಿಸಲು ಒಬ್ಬ ಹುಡುಗಿಗೆ ಹೇಳಿದೆ. ಅವಳ ಅಪ್ಪ ಗಜೇಂದ್ರಗಡದ ಸಂತೆಯಲ್ಲಿ ಕಾಳು ಅಳೆಯುವವ.

ಮೊದಲ ನಾಲ್ಕು ಬೀಜ ತೆಗೆದು ಹುಡುಗಿ "ಲಾಭ" ಎಂದಳು. ಆಮೇಲೆ "ಎರಡು... ಮೂರು..."

"ಒಂದು ಎಲ್ಲಿ ಹೋತಬೇ?"

"ಕಾಳು ಅಳಿಯೂ ಮುಂದ ಒಂದು ಅನ್ನಬಾರದ್ರಿ ಸರ್, ಲಾಭ ಅನ್ನಬೇಕು. ಇಲ್ಲಂದ್ರ ನಮ್ಮ ಅಬ್ಬಾ ಬೈತಾರ."

"ನಾವು ಕಳ್ಯಾಕತ್ತೀವಿ. ಲಾಭ ಹ್ಯಾಂಗಾತು?"

ಅವಳು ನನ್ನನ್ನು ಕನಿಕರದಿಂದ ನೋಡಿದಳು. "ನಿಮಗ ಕಳೀತೈತ್ರಿ. ತಗೊಂಡಾಂವಗ ಲಾಭನ ಅಲ್ಲೇನ್ರಿ?"

ಮೂರು ದಿನದ ತರಬೇತಿಯಲ್ಲಿ ಇದನ್ನು ಯಾರೂ ಹೇಳಿರಲಿಲ್ಲ.

೩. ಸಾಹೇಬರ ಲೆಕ್ಕ

ಸಾಹೇಬರು ಬಂದರು. ಇಪ್ಪತ್ತು, ಮೂವತ್ತು, ನಲವತ್ತೆರಡು, ಏನು ಕೇಳಿದರೂ ಅದೇ ಹುಡುಗಿ ಬೀಜ ಹರವಿ ಉತ್ತರ ಹೇಳಿದಳು. ಹೀಗಾದರೆ ಸಾಹೇಬರ ಮಾನವೇನು? ಮೀಸೆಯಲ್ಲೇ ನಕ್ಕು, "ಹನ್ನೆರಡನ್ನ ಸೊನ್ನಿಯಿಂದ ಭಾಗಿಸು," ಎಂದರು.

ಇದಕ್ಕೆ ಉತ್ತರವಿಲ್ಲವೆಂದು ಅವರಿಗೆ ಗೊತ್ತು, ನನಗೂ ಗೊತ್ತು. ಅವಳಿಗೆ ಗೊತ್ತಿಲ್ಲ. ನನ್ನ ರಜೆ ಮುಳುಗಿತೆಂದುಕೊಂಡೆ.

ಹುಡುಗಿ ಹನ್ನೆರಡು ಬೀಜ ಇಟ್ಟಳು. ಏನನ್ನೂ ಮುಟ್ಟದೆ ಬರಿಗೈ ಎತ್ತಿ ಪಕ್ಕಕ್ಕಿಟ್ಟಳು. ಹಲಗೆಯ ಮೇಲೊಂದು ಗೆರೆ ಎಳೆದಳು. ಮತ್ತೆ ಬರಿಗೈ, ಮತ್ತೊಂದು ಗೆರೆ. ಹಲಗೆ ತುಂಬಿತು. ಅವಳು ನೆಲಕ್ಕಿಳಿದು ಸಾಹೇಬರ ಕುರ್ಚಿಯ ಸುತ್ತ ಗೆರೆ ಎಳೆಯುತ್ತ ಬಂದಳು. ಹೊರಗೆ ಜೀಪಿನ ಚಾಲಕ ಎರಡು ಸಲ ಹಾರ್ನ್ ಹೊಡೆದ. ಗೆರೆ ತುಳಿದು ಹೋಗಲು ಸಾಹೇಬರಿಗೂ ಸಂಕೋಚ.

"ಸಾಕವ್ವಾ, ನಿಲ್ಲಸು! ನಿಮ್ಮ ಸರ್‌ಗೆ ತರಬೇತಿ ಬ್ಯಾಡಂತ ಬರದ ಕೊಡ್ತೀನಿ. ಅಲ್ಲ, ಇದು ಯಾವಾಗ ಮುಗೀತೈತಿ?"

ಅವಳು ತಲೆ ಎತ್ತಲಿಲ್ಲ.

"ಲೆಕ್ಕಾ ಕೊಟ್ಟಾವ್ರು ನೀವು. ಸುಮ್ನ ಕುಂದರ್ರಿ ಸರ್, ಇನ್ನೂ ಹನ್ನೆರಡೂ ಹಂಗ ಅದಾವ."