ಒಂದು ಬಟನ್ನಿಗೆ ಒಂದು ಗೋಡೆ

ಆ ಬಟನ್ನನ್ನು ನಾನು ಪ್ರಾಣ ಹೋದರೂ ಒತ್ತುವುದಿಲ್ಲ! ಭಾನುವಾರ ಬೆಳಿಗ್ಗೆ, ಹಲ್ಲುಜ್ಜುವುದಕ್ಕೂ ಮೊದಲೇ, ತುಂಬಿದ ಸಭೆಯಲ್ಲಿ ಹೀಗೊಂದು ಘೋರ ಪ್ರತಿಜ್ಞೆ ಮಾಡಿದೆ. ತುಂಬಿದ ಸಭೆ ಎಂದರೆ ನನ್ನ ಹೆಂಡತಿ.

"ಯಾವ ಬಟನ್ನು? ವಾಷಿಂಗ್ ಮೆಷಿನ್ದಾ? ಅದನ್ನ ನೀವು ಯಾವತ್ತು ಒತ್ತಿದೀರಿ?"

ಅವಳಿಗೇನು ಗೊತ್ತು ನನ್ನ ಸಂಕಟ! ನನ್ನ ಕಂಪ್ಯೂಟರಿನಲ್ಲಿ ಒಂದು ಬಾಹ್ಯಾಕಾಶದ ಆಟವಿದೆ. ಹಡಗು ಓಡಿಸಿಕೊಂಡು ಹೋಗಿ ಯಾರೂ ಕಾಣದ ಗ್ರಹಗಳನ್ನು ಹುಡುಕಬೇಕು. ಮೊದಲು ಕಂಡವನು ಹೆಸರಿಡಬಹುದು. ಹುಡುಕುವುದು ಕಿವಿಯಿಂದ! ಗ್ರಹ ಹತ್ತಿರವಾದ ಹಾಗೆ 'ಗುಂಯ್' ಸದ್ದು ಕೂದಲೆಳೆಯಷ್ಟು ಏರುತ್ತದೆ. ಅದು ತಪ್ಪಬಾರದೆಂದು ದೊಡ್ಡ ಸ್ಪೀಕರ್ ತಂದು ಗೋಡೆಗೆ ಆನಿಸಿಟ್ಟಿದ್ದೆ. ಎಲ್ಲೋ ಒಂದು ನೀಲಿ ಗ್ರಹದ ಜಾಡು ಹಿಡಿದು ತಿಂಗಳುಗಟ್ಟಲೆ ಅಲೆಯುತ್ತಿದ್ದೆ.

ಕಿವಿಯೇ ನನ್ನ ಕಸುಬು. ನೀರು ಸರಬರಾಜು ಕಚೇರಿಯಲ್ಲಿದ್ದೇನೆ. ರಸ್ತೆಗೆ ಕಬ್ಬಿಣದ ಸಲಾಕೆ ಊರಿ, ತುದಿಗೆ ಕಿವಿಗೊಟ್ಟು, ನೆಲದಡಿ ಪೈಪು ಎಲ್ಲಿ ಸೋರುತ್ತಿದೆ ಎಂದು ಹೇಳುತ್ತಿದ್ದೆ. ಹೋದ ವರ್ಷ ಯಂತ್ರ ಬಂತು. ಅದು 'ಕೀ' ಎಂದು ಕೂಗಿದಲ್ಲಿ ಅಗೆಯುತ್ತಾರೆ. ನನ್ನನ್ನು ಮೇಜಿನ ಮುಂದೆ ಕೂರಿಸಿ ಕೈಗೊಂದು ಸೀಲು ಕೊಟ್ಟರು. ಈ ಕಿವಿಗೆ ಉಳಿದಿದ್ದ ಮರ್ಯಾದೆ ಆ ಆಟವೊಂದೇ.

ಅದಕ್ಕೂ ಆಟದವರು ಕಲ್ಲು ಹಾಕಿದರು! ಹೊಸ ಅಪ್‌ಡೇಟಿನಲ್ಲಿ ಬಟನ್ ಒತ್ತಿದರೆ ಸಾಕು, ಗ್ರಹಗಳೆಲ್ಲ ಬಸ್ಸಿಗೆ ನಿಂತವರ ಹಾಗೆ ಸಾಲಾಗಿ ಹಾಜರ್. 'ಗುಂಯ್' ಸದ್ದನ್ನು ಮಾತ್ರ ಉಳಿಸಿದ್ದಾರೆ, ಗಂಟೆಗಟ್ಟಲೆ ಒತ್ತದೆ ಕೂತ ದಡ್ಡರಿಗೆ ನೆನಪು ಮಾಡಲು! ಪರದೆ ಆರಿಸಿ ಎದ್ದುಬಿಟ್ಟೆ.

ಮಧ್ಯಾಹ್ನ ಅಡುಗೆಮನೆಯಿಂದ ಕೂಗು ಬಂತು.

"ರೀ, ಗೋಡೆ ಒಳಗೆ ಏನೋ ಗುಂಯ್ ಅಂತಿದೆ. ಪ್ಲಂಬರ್‌ನ ಕರೀಲಾ?"

"ಪ್ಲಂಬರ್? ನಾನು ಬದುಕಿರುವಾಗ?"

ಸೌಟಿನ ಹಿಡಿಯನ್ನು ಗೋಡೆಗೆ ಒತ್ತಿ ಕಿವಿಗೊಟ್ಟೆ. ಆಹಾ, ಎಷ್ಟು ದಿನವಾಗಿತ್ತು! "ಪೈಪ್ ಸೋರ್ತಿದೆ. ಸಿಂಕಿಂದ ಒಂದು ಗೇಣು ಎಡಕ್ಕೆ."

"ಗೋಡೆ ಒಣಗೇ ಇದೆಯಲ್ರೀ?"

"ಕಣ್ಣಿಗೆ ಒಣಗಿರುತ್ತೆ. ಕಿವಿಗೆ ಒದ್ದೆ!"

ಉಳಿ ಸುತ್ತಿಗೆ ಹಿಡಿದೆ. ಗೇಣು ಎಡಕ್ಕೆ ಒಡೆದೆ, ಬರೀ ಇಟ್ಟಿಗೆ. ಇನ್ನಷ್ಟು ಎಡಕ್ಕೆ ಹೋದಂತೆ ಸದ್ದು ಏರಿತು, ನನ್ನ ಹುಮ್ಮಸ್ಸೂ ಏರಿತು. ಬೇಳೆ ಡಬ್ಬಿಗಳ ಮೇಲೆ ಸಿಮೆಂಟಿನ ಮಳೆ! ಕೊನೆಗೊಂದು ಏಟಿಗೆ ನೀರು ಚಿಮ್ಮಿ ಮುಖಕ್ಕೆ ರಾಚಿತು.

"ನೋಡಿದ್ಯಾ! ಹೇಳಿರಲಿಲ್ವಾ ನಾನು?"

"ಸೋರ್ತಿರಲಿಲ್ಲ, ನೀವು ಸೋರಿಸಿದ್ರಿ!" ಎನ್ನುತ್ತಾ ಅವಳು ಹೊರಗೋಡಿ ವಾಲ್ವ್ ತಿರುಗಿಸಿದಳು.

ನೀರು ನಿಂತಿತು. ಮನೆ ತಣ್ಣಗಾಯಿತು.

ಗುಂಯ್...

ಅವಳು ನನ್ನ ಮುಖ ನೋಡಿದಳು. ನಾನು ಸೌಟಿನ ಮುಖ ನೋಡಿದೆ. ಅವಳು ಸೆರಗು ಹಿಂಡಿಕೊಂಡು ಪಕ್ಕದ ಕೋಣೆಗೆ ನಡೆದಳು. ಸ್ಪೀಕರ್ ಅದೇ ಗೋಡೆಗೆ ಬೆನ್ನು ಕೊಟ್ಟು ನಿಶ್ಚಿಂತೆಯಿಂದ ಹಾಡುತ್ತಿತ್ತು. ಪರದೆ ಆರಿಸಿದ್ದೆ, ಆಟವನ್ನಲ್ಲ. ಗೋಡೆಯಾಚೆಯ ಸದ್ದನ್ನು ಗೋಡೆಯೊಳಗಿನದು ಎಂದಿತ್ತು ನನ್ನ ಕಿವಿ! ಕಚೇರಿಯ ಯಂತ್ರವಾಗಿದ್ದರೆ 'ಕೀ' ಎನ್ನದೆ ಸುಮ್ಮನಿರುತ್ತಿತ್ತು.

ಅವಳು ಪರದೆ ಹಚ್ಚಿದಳು. "ಒತ್ತಿ ಅಂತಿದೆ."

"ಮುಟ್ಟಬೇಡ!"

ಒತ್ತಿಯೇ ಬಿಟ್ಟಳು. ಸದ್ದು ನಿಂತಿತು. ನಾನು ತಿಂಗಳುಗಟ್ಟಲೆ ಅಲೆದ ನೀಲಿ ಗ್ರಹ ಸಲೀಸಾಗಿ ಬಂದು ನಿಂತಿತು. ಕೆಳಗೆ ದಪ್ಪ ಅಕ್ಷರದಲ್ಲಿ ಬರೆದಿತ್ತು: ಅಭಿನಂದನೆಗಳು! ನೀರು ಪತ್ತೆಯಾಗಿದೆ!

"ಇಲ್ಲೂ ಪತ್ತೆಯಾಗಿದೆ," ಎಂದಳು ಒದ್ದೆ ಸೆರಗನ್ನು ಕೊಡವುತ್ತಾ. "ಏನೋ ಹೆಸರು ಕೇಳ್ತಿದೆ."

ನನ್ನನ್ನು ಕೇಳದೆ ಟೈಪ್ ಮಾಡಿಬಿಟ್ಟಳು. ಒಮ್ಮೆ ಇಟ್ಟ ಹೆಸರನ್ನು ಬದಲಿಸುವಂತಿಲ್ಲ. ಇನ್ನು ಜಗತ್ತಿನ ಯಾವ ಆಟಗಾರ ಆ ದಿಕ್ಕಿಗೆ ಹಡಗು ತಿರುಗಿಸಿದರೂ ಅಲ್ಲೊಂದು ಸುಂದರ ನೀಲಿ ಗ್ರಹ ಕಾಣುತ್ತದೆ. ಅದರ ಹೆಸರು: 'ಪ್ಲಂಬರ್‌ನ ಕರೀಬೇಕಿತ್ತು'.