ಸೋಫಾಕ್ಕೆ ಬಿದ್ದ ನಂಬರು

ಮಹಿಳಾ ವಿಶ್ರಾಂತಿ ಕೊಠಡಿಯಲ್ಲಿ ಬಾಗಿಲ ಮೇಲಿನ ಫಲಕವೊಂದನ್ನು ಬಿಟ್ಟರೆ ವಿಶ್ರಾಂತಿಗೆ ಸಂಬಂಧಪಟ್ಟ ಯಾವ ವಸ್ತುವೂ ಇರಲಿಲ್ಲ. ದೇಸೂರದ ಆಚೆ, ಖಾನಾಪುರ ರಸ್ತೆಯಲ್ಲಿದ್ದ ಆ ವಿಶ್ವವಿದ್ಯಾಲಯ ಕೇಂದ್ರಕ್ಕೆ ಆವರಣ ಸುಧಾರಣೆಗೆಂದು ಬಂದ ಅನುದಾನವೆಲ್ಲ ಹೆಬ್ಬಾಗಿಲಿನ ಸ್ವಾಗತ ಕಮಾನಾಗಿ ನಿಂತುಬಿಟ್ಟಿತ್ತು. ಕಮಾನು ಭರ್ಜರಿಯಾಗಿತ್ತು. ಅದರ ಮೇಲೆ ಎರಡು ಆನೆಗಳೂ ಆಡಳಿತ ಮಂಡಳಿಯ ಅಷ್ಟೂ ಜನರ ಹೆಸರುಗಳೂ ಇದ್ದವು. ಓದಲು ಬಂದ ಹುಡುಗಿಯರು ಮಾತ್ರ ಮಧ್ಯಾಹ್ನದ ಡಬ್ಬಿಯನ್ನು ಮೆಟ್ಟಿಲ ಮೇಲೆ ಕುಳಿತೇ ತಿನ್ನುತ್ತಿದ್ದರು.

ಆ ಅನುದಾನ ಹೇಗೆ ಖರ್ಚಾಯಿತೆಂದು ನೋಡಲು ಪರಿಶೀಲನಾ ಸಮಿತಿ ಬರುವ ದಿನ ಬೆಳಿಗ್ಗೆ, ಪ್ರಮಿಳಾ ಇನ್ನೂ ಹಿಟ್ಟು ನಾದುತ್ತಿರುವಾಗ, ನಿರ್ದೇಶಕ ಶಶಿಧರ ಸರ್ ಫೋನ್ ಮಾಡಿದರು. ಪ್ರಮಿಳಾ ಕೇಂದ್ರದ ಕಚೇರಿಯಲ್ಲಿ ಅಧೀಕ್ಷಕಿ. ಸಿಬ್ಬಂದಿಯಲ್ಲಿ ಒಬ್ಬಳೇ ಹೆಣ್ಣಾದ್ದರಿಂದ ಮಹಿಳೆಯರ ಎಲ್ಲ ಉಪಸಮಿತಿಗಳಿಗೂ ಅವಳೇ ಸಂಚಾಲಕಿ, ಸದಸ್ಯೆ ಮತ್ತು ಸಭೆ.

"ನಿಮ್ಮನ್ಯಾಗ ಒಂದು ಕೆಂಪು ಸೋಫಾ ಐತಲ್ರಿ," ಎಂದರು ಸರ್. "ಅರ್ಧಾ ತಾಸಿನ ಮಾತು. ಅವರು ನೋಡತಾರ, ಹೋಗತಾರ."

ಸಂಜೆ ನಾದಿನಿ ತ್ರಿವೇಣಿಯನ್ನು ನೋಡಲು ಖಾನಾಪುರದಿಂದ ವರನ ಕಡೆಯವರು ಬರುತ್ತಾರೆ ಎಂದು ಪ್ರಮಿಳಾ ಹೇಳಿದಳು. ಸಮಿತಿ ಬರುವುದು ಬೆಳಿಗ್ಗೆಯಲ್ಲವೇ ಎಂದು ಸರ್ ಕೇಳಿದರು. ಇಲ್ಲ ಎನ್ನುವ ಮಾತು ಪ್ರಮಿಳಾಳ ಬಾಯಿಗೆ ಬರುವಷ್ಟರಲ್ಲಿ ಎದುರಿನವರು ಫೋನ್ ಇಟ್ಟಿರುತ್ತಿದ್ದರು. ಮದುವೆಯಾಗಿ ಬಂದಾಗಿನಿಂದಲೂ ಅವಳದು ಹೀಗೇ.

ಆ ಮನೆಯಲ್ಲಿ ಅವಳು ತಾನೇ ಆರಿಸಿ ತಂದ ಒಂದೇ ವಸ್ತು ಆ ಸೋಫಾ. ಅದರ ಮೇಲೆ ಅತ್ತೆ ಮಾಯಕ್ಕ ಕುಳಿತು ಎಲೆ ಅಡಿಕೆ ಹಾಕುತ್ತಿದ್ದಳು. ಗಂಡ ಕಲ್ಮೇಶ ಮಲಗಿ ಕ್ರಿಕೆಟ್ ನೋಡುತ್ತಿದ್ದ. ಪ್ರಮಿಳಾ ಅದನ್ನು ಒರೆಸುತ್ತಿದ್ದಳು.

"ಬೀಗರನ್ನ ಚಾಪಿ ಮ್ಯಾಲ ಕುಂದರಸ್ತೀಯೇನು?" ಎಂದಳು ಮಾಯಕ್ಕ.

"ಮಧ್ಯಾಹ್ನಕ್ಕ ತಿರಗಿ ತರತೀನ್ರಿ ಅತ್ತಿ."

ತ್ರಿವೇಣಿಯೂ ಹುಡುಗ ರೋಹನನೂ ಒಬ್ಬರನ್ನೊಬ್ಬರು ಮೊದಲೇ ಒಪ್ಪಿಕೊಂಡಾಗಿತ್ತು. ಒಪ್ಪಬೇಕಾಗಿದ್ದವರು ರೋಹನನ ದೊಡ್ಡಮ್ಮ. ಆ ದೊಡ್ಡಮ್ಮ ಮನೆ ನೋಡಿ ಮನೆತನ ಹೇಳುತ್ತಾರೆ, ಬಾಗಿಲಲ್ಲೇ ನಿಂತು ಬೇಡವೆಂದು ಹೊರಟುಬಿಡುತ್ತಾರೆ ಎಂದು ಮಧ್ಯಸ್ಥರು ಮೊದಲೇ ಹೆದರಿಸಿದ್ದರು. ತ್ರಿವೇಣಿ ತನ್ನ ವೈನಿ ಪ್ರಮಿಳಾಳ ಮುಖವನ್ನಷ್ಟೇ ನೋಡಿದಳು. ಆ ನೋಟಕ್ಕಿಂತ ಅತ್ತೆಯ ಬೈಗುಳ ಹಗುರವಾಗಿತ್ತು.

ವಡಗಾವಿಯ ಆ ನೇಕಾರರ ಗಲ್ಲಿಯಲ್ಲಿ ಒಂದು ಸೋಫಾ ಹೊರಬೀಳುವುದೆಂದರೆ ಬಾವಿಗೆ ಬಿದ್ದ ಎಮ್ಮೆಯನ್ನು ಮೇಲೆತ್ತಿದ ಹಾಗೆ. ಜನ ಮಗ್ಗ ನಿಲ್ಲಿಸಿ ಬಂದರು. ಎಡಕ್ಕೆ ತಿರುಗಿಸಿ ಎಂದು ಇಬ್ಬರು, ಬಲಕ್ಕೆ ಎಂದು ನಾಲ್ವರು ಹೇಳಿದರು. ಎದುರು ಮನೆಯ ಮದರಬೀ, ಕಂತು ಕಟ್ಟಿರಲಿಲ್ಲವೇ ಎಂದು ಬಹಳ ಮೆತ್ತಗೆ, ಗಲ್ಲಿಗೆಲ್ಲ ಕೇಳುವಂತೆ ವಿಚಾರಿಸಿದಳು. ಟೆಂಪೋ ತಂದಿದ್ದವನು ಅವಳ ಮಗ ಆಸೀಫ.

"ಅಕ್ಕಾರ, ಮನಿ ಬಿಟ್ಟು ಹೊಂಟೀರೇನು? ಬರೇ ಸೋಫಾ ತಗೊಂಡು?"

"ಹೊಡಿ ಗಾಡಿ," ಎಂದಳು ಪ್ರಮಿಳಾ. ಒಂದು ಕ್ಷಣ, ಆ ವಿಚಾರವೇನೂ ಕೆಟ್ಟದ್ದಲ್ಲ ಅನ್ನಿಸಿತು.

ಕೊಠಡಿಗೆ ಕ್ಯಾಂಟೀನಿನ ಗಡಿಯಾರವೂ ಸರ್ ಮನೆಯ ಕನ್ನಡಿಯೂ ನರ್ಸರಿಯ ಕುಂಡಗಳೂ ಆಗಲೇ ಬಂದು ಕುಳಿತಿದ್ದವು. ಬೆಳಿಗ್ಗೆ ಬರಬೇಕಾದ ಸಮಿತಿ ಊಟದ ಹೊತ್ತಿಗೆ ಬಂತು. ಗಂಡಸರಿಬ್ಬರು ಕಮಾನಿನ ಕೆಳಗೆ ನಿಂತು ಆನೆಗಳನ್ನು ಹೊಗಳತೊಡಗಿದರು. ಮೂರನೆಯವರಾದ ಅನುರಾಧಾ ಮೇಡಂ, ಖಾನಾಪುರದ ಕಾಲೇಜೊಂದರ ಪ್ರಾಚಾರ್ಯೆ, ನೇರವಾಗಿ ವಿಶ್ರಾಂತಿ ಕೊಠಡಿಗೆ ಬಂದರು. ಸೋಫಾದ ಮೇಲೆ ಕುಳಿತರು. ಒರಗಿದರು. ಅವರ ಕೈ ಸೋಫಾದ ಸಂದಿಗೆ ಹೋಗಿ ಅಲ್ಲೇ ತುಸು ಹೊತ್ತು ನಿಂತಿತು.

ಅಷ್ಟರಲ್ಲಿ ಪ್ರಮಿಳಾಳ ಫೋನ್ ಹೊಡೆದುಕೊಂಡಿತು. ಮಾಯಕ್ಕ. ಎಲೆಗೆ ಹಚ್ಚುವ ಸುಣ್ಣದ ಹಿತ್ತಾಳೆ ಡಬ್ಬಿ ಕಾಣುತ್ತಿಲ್ಲವಂತೆ, ಎಲ್ಲಿಟ್ಟಿದ್ದೀಯ? ಮೀಟಿಂಗಿನಲ್ಲಿದ್ದೇನೆ ಎಂದು ಪಿಸುಗುಟ್ಟಿ ಪ್ರಮಿಳಾ ಫೋನ್ ಮುಚ್ಚಿದಳು.

"ಹುಡಿಗ್ಯಾರು ದಿನಾ ಇಲ್ಲೇ ಕುಂದರತಾರೇನ್ರಿ?" ಎಂದರು ಮೇಡಂ.

"ದಿನಾ," ಎಂದರು ಶಶಿಧರ ಸರ್.

"ಮತ್ತ ಇದಕ್ಕ ಸ್ಟಾಕ್ ನಂಬರ್ ಎಲ್ಲೈತಿ?"

ಸರ್ ಎದೆಗುಂದಲಿಲ್ಲ. ಇವತ್ತೇ ಬರೆಸುವವರಿದ್ದೆವು ಎಂದರು. ಸ್ಟೋರಿನ ಗುರುಪುತ್ರಪ್ಪನಿಗೆ ಕರೆ ಹೋಯಿತು. ಅವನು ಬಿಳಿ ಬಣ್ಣದ ಡಬ್ಬಿ ತಂದು ಸೋಫಾದ ಬೆನ್ನಿನ ಮೇಲೆ ಅಂಗೈಯಷ್ಟು ದೊಡ್ಡ ಅಕ್ಷರಗಳಲ್ಲಿ ಕೇಂದ್ರದ ಹೆಸರು ಬರೆದು, ಕೆಳಗೆ ನಂಬರು ಹಾಕಿದ. ಅವನ ಅಕ್ಷರ ಮುತ್ತಿನಂತಿತ್ತು. ತನ್ನ ಸೋಫಾ ಸರ್ಕಾರಿ ಸೇವೆಗೆ ಸೇರುವುದನ್ನು ಪ್ರಮಿಳಾ ಕೈಕಟ್ಟಿಕೊಂಡು ನೋಡಿದಳು.

ಸಮಿತಿಯನ್ನು ಕರೆದುಕೊಂಡು ಸರ್ ಬೆಳಗಾವಿಗೆ ಊಟಕ್ಕೆ ಹೋದರು. ಫೋನ್ ಬಂದ್ ಮಾಡಿಕೊಂಡರು. ಗೇಟಿನಲ್ಲಿ ಆಸೀಫನ ಟೆಂಪೋ ನಿಂತಿತ್ತು. ಗುರುಪುತ್ರಪ್ಪ ಪಾಸು ಕೊಡಲು ಒಪ್ಪಲಿಲ್ಲ.

"ಇದು ನಮ್ಮನಿ ಸೋಫಾ, ಗುರುಪುತ್ರಪ್ಪ."

"ಗೊತ್ತೈತ್ರಿ ಬಾಯಾರ. ಮುಂಜಾನೆ ನಾನ ಇಳಿಸೇನಲ್ಲ. ಆದ್ರ ಈಗ ನಂಬರ್ ಬಿದ್ದೈತಿ."

ನಂಬರು ಬಿದ್ದ ವಸ್ತು ಗೇಟು ದಾಟಲು ಎರಡೇ ದಾರಿ. ಒಂದು, ನಿರುಪಯೋಗಿ ಎಂದು ಆಡಳಿತ ಮಂಡಳಿ ಠರಾವು ಮಾಡಬೇಕು. ಮಂಡಳಿ ವರ್ಷಕ್ಕೊಮ್ಮೆ ಸೇರುತ್ತದೆ. ಇನ್ನೊಂದು, ದುರಸ್ತಿಗೆ ಹೋಗಬೇಕು. ಹಾಗಿದ್ದರೆ ದುರಸ್ತಿಗೆಂದೇ ಬರೆಯಿರಿ ಎಂದಳು ಪ್ರಮಿಳಾ.

"ಏನ ಕೆಟ್ಟೈತ್ರಿ?"

"ಏನೂ ಕೆಟ್ಟಿಲ್ಲ."

"ಮತ್ತ ಹೆಂಗ ಬರೀಲಿ? ನಾಳೆ ಆಡಿಟಿನವ್ರು ಕೇಳಿದ್ರ?"

ಪ್ರಮಿಳಾ ಅವನಿಗೆ ಸ್ವಲ್ಪ ಹೊರಗೆ ನಿಲ್ಲಲು ಹೇಳಿ ಬಾಗಿಲು ಮುಂದಕ್ಕೆ ಮಾಡಿಕೊಂಡಳು. ಮತ್ತೆ ಫೋನ್ ಬಂತು. ಮಾಯಕ್ಕ. ಡಬ್ಬಿ ಸಿಕ್ಕಿಲ್ಲ, ಬೀಗರು ಬರುವ ಹೊತ್ತಾಯಿತು, ನೀನು ಎಲ್ಲಿದ್ದೀಯ? ಪ್ರಮಿಳಾ ಎತ್ತಿ ಕೇಳಿಸಿಕೊಂಡು ಇಟ್ಟಳು. ಆಮೇಲೆ ಏನೋ ತೋಚಿ ಸೋಫಾದ ಮೇಲೆ ಕುಳಿತಳು. ಮೆತ್ತಗಿತ್ತು. ಯಾರೂ ಚಹಾ ಕೇಳಲಿಲ್ಲ. ಗಡಿಯಾರದ ಸದ್ದು ಬಿಟ್ಟರೆ ಕೊಠಡಿಯಲ್ಲಿ ಯಾರದೂ ದನಿ ಇರಲಿಲ್ಲ. ಅಂಗಡಿಯಲ್ಲಿ ಇದನ್ನು ಆರಿಸುವಾಗ ಹೀಗೇ ಒಂದು ಮಧ್ಯಾಹ್ನವನ್ನು ಮನಸ್ಸಿನಲ್ಲಿಟ್ಟುಕೊಂಡಿದ್ದೆನಲ್ಲ ಎಂದು ಅವಳಿಗೆ ನೆನಪಾಯಿತು. ಮಹಿಳಾ ವಿಶ್ರಾಂತಿ ಕೊಠಡಿಯಲ್ಲಿ ಒಬ್ಬ ಮಹಿಳೆ ವಿಶ್ರಮಿಸಿದ್ದು ಅದೇ ಮೊದಲು.

ಆಮೇಲೆ ಎದ್ದು, ಸೋಫಾವನ್ನು ಮಗುಚಿ, ಸೆರಗು ಸಿಕ್ಕಿಸಿ, ಒಂದು ಕಾಲಿಗೆ ಒದ್ದಳು. ಮೊದಲ ಒದೆತಕ್ಕೇ ಕಾಲು ಮುರಿಯಿತು. ಎರಡನೆಯ ಸಲ ಯಾಕೆ ಒದ್ದಳೋ ಅವಳಿಗೇ ತಿಳಿಯಲಿಲ್ಲ.

ಗುರುಪುತ್ರಪ್ಪ ಒಳಗೆ ಬಂದು ಬಗ್ಗಿ ನೋಡಿ, "ಹಾಂ, ಈಗ ಕಾಯದೇ ಪ್ರಕಾರ ಆತು," ಎಂದು ಸಮಾಧಾನದಿಂದ ಪಾಸು ಬರೆದ. ಎಂಟು ದಿನದೊಳಗೆ ದುರಸ್ತಿಯಾಗಿ ವಾಪಸು ಬರಬೇಕು.

ದೇಸೂರದ ರೈಲ್ವೆ ಗೇಟು ಬಿದ್ದಿತ್ತು. ಗೂಡ್ಸ್ ಗಾಡಿಯೊಂದು ತನಗೆ ಯಾವ ಮದುವೆಯೂ ಇಲ್ಲವೆಂಬಂತೆ ಹೋಯಿತು. ಗಲ್ಲಿಯಲ್ಲಿ ಜನ ಮತ್ತೆ ಮಗ್ಗ ನಿಲ್ಲಿಸಿ ಬಂದರು. ಈ ಸಲ ಎಡಕ್ಕೆ ಎಂದವರು ನಾಲ್ವರು. ಮುರಿದ ಕಾಲಿನ ಜಾಗಕ್ಕೆ ಇಟ್ಟಂಗಿ ಕೊಟ್ಟು, ನಂಬರಿದ್ದ ಬೆನ್ನನ್ನು ಗೋಡೆಗೆ ಒತ್ತಿ, ಮೇಲೆ ಹೂವಿನ ಚಾದರ ಹಾಸಿ ಪ್ರಮಿಳಾ ಮುಖ ತೊಳೆಯುವಷ್ಟರಲ್ಲಿ ಬೀಗರ ಕಾರು ಗಲ್ಲಿಯ ಬಾಯಿಗೆ ಬಂತು. ಮೊದಲು ರೋಹನ ಇಳಿದ. ಆಮೇಲೆ ಅವನ ತಂದೆ ತಾಯಿ. ಕೊನೆಗೆ ದೊಡ್ಡಮ್ಮ.

ಅನುರಾಧಾ ಮೇಡಂ.

ಬಾಗಿಲಲ್ಲಿ ಇಬ್ಬರೂ ಕೈ ಮುಗಿದರು. ಇಬ್ಬರೂ ಮೊದಲ ಸಲ ಭೇಟಿಯಾದಂತೆ ನಕ್ಕರು. ಮೇಡಂ ಒಳಗೆ ಬಂದು ಸುತ್ತ ನೋಡಿ, ನೇರವಾಗಿ ಹೋಗಿ ಸೋಫಾದ ಮೇಲೆ ಕುಳಿತರು. ಒರಗಿದರು. ಅವರ ಕೈ ಚಾದರದ ಮೇಲೆ ಹಾಯ್ದು, ಚಾದರದ ಅಡಿಗೆ ಹೋಗಿ, ಸಂದಿ ಸೇರಿತು.

ಸೋಫಾ ನಮ್ಮದೆಂದರೆ ಕೇಂದ್ರ ಸುಳ್ಳು ಹೇಳಿದಂತೆ. ಕೇಂದ್ರದ್ದೆಂದರೆ ತ್ರಿವೇಣಿಯ ವೈನಿ ಕಳ್ಳಿ. ಎರಡರಲ್ಲಿ ಯಾವುದು ಮೊದಲು ಬಾಯಿಗೆ ಬರುತ್ತದೋ ಎಂದು ಪ್ರಮಿಳಾ ತಟ್ಟೆ ಹಿಡಿದು ನಿಂತಳು. ಮಾಯಕ್ಕ ಅಷ್ಟು ಕಾಯಲಿಲ್ಲ.

"ಆರಾಮ ಕುಂದರ್ರಿ. ಸೋಫಾ ನಮ್ಮ ಸೊಸಿದು. ಮುಂಜಾನೆ ಅವ್ರ ಆಫೀಸಿನವ್ರು ಯಾರಿಗೋ ತೋರಸಾಕ ಒಯ್ದಿದ್ರು. ಅದರ ಗದ್ಲದಾಗ ನನ್ನ ಸುಣ್ಣದ ಡಬ್ಬಿ ಕಳೀತು ನೋಡ್ರಿ."

ಅನುರಾಧಾ ಮೇಡಂ ಪರ್ಸು ತೆರೆದು, ಹಿತ್ತಾಳೆಯ ಸುಣ್ಣದ ಡಬ್ಬಿಯನ್ನು ತೆಗೆದು ಮಾಯಕ್ಕನ ಮುಂದಿಟ್ಟರು.

"ಇದ ಹೌದೇನ್ರಿ?"

ಆಮೇಲೆ, ಕೈ ತೊಳೆಯಬೇಕೆಂದು ಪ್ರಮಿಳಾಳ ಜೊತೆ ಅಡುಗೆಮನೆಗೆ ಬಂದರು. ನಲ್ಲಿ ಬಿಟ್ಟು, ದನಿ ತಗ್ಗಿಸಿದರು.

"ವಿಶ್ರಾಂತಿ ಕೋಣ್ಯಾಗ ಸುಣ್ಣದ ಡಬ್ಬಿ ಸಿಕ್ಕಾಗ ತಿಳೀತು, ಯಾರದೋ ಮನಿ ಬರಿದಾಗೈತಿ ಅಂತ. 'ಉತ್ತಮ' ಅಂತ ಬರದು ಬಂದೆ. ನಂದೂ ಊಟದ ಟೇಬಲ್ ನಮ್ಮ ಕಾಲೇಜಿಗೆ ಕಮಿಟಿ ಬಂದಾಗ ಹ್ವಾದದ್ದು, ಇನ್ನೂ ಬಂದಿಲ್ಲ. ಮನ್ಯಾಗ ಎಲ್ಲಾರೂ ನೆಲದ ಮ್ಯಾಲ ಉಣ್ಣತೀವಿ. ನೀವು ಅದ ದಿನ ತಿರಗಿ ತಂದೀರಿ. ಹೆಂಗ ತಂದ್ರಿ?"

"ಕಾಲ ಮುರದೆ," ಎಂದಳು ಪ್ರಮಿಳಾ.

ಮೇಡಂ ನಲ್ಲಿ ನಿಲ್ಲಿಸಿದರು. "ನನಗಿದು ಹೊಳೀಲೇ ಇಲ್ಲ," ಎಂದರು. "ಇಂಥಾ ಮನಿ ಹುಡುಗಿ ನಮ್ಮನಿಗೆ ಬೇಕು."

ಪ್ರಮಿಳಾಳ ಎದೆಯ ಮೇಲಿನ ಕಲ್ಲು ಇಳಿಯಿತು. ಪೂರ್ತಿ ಇಳಿಯುವ ಮೊದಲೇ ಮೇಡಂ ಸೆರಗಿಗೆ ಕೈ ಒರೆಸಿಕೊಂಡು ಮುಂದುವರಿಸಿದರು. ಬರುವ ಬುಧವಾರ ತಮ್ಮ ಕಾಲೇಜಿಗೂ ಸಮಿತಿ ಬರುತ್ತದೆ. ಅಲ್ಲಿಯೂ ಒಂದು ವಿಶ್ರಾಂತಿ ಕೊಠಡಿ ಇದೆ. ಫಲಕ ಹಾಕಿಸಿ ಆಗಿದೆ.

"ಆ ಕಮಿಟಿಗೆ ಚೇರ್ಮನ್ ಯಾರ್ರಿ?" ಎಂದು ಕೇಳಿದಳು ಪ್ರಮಿಳಾ.

"ನಿಮ್ಮ ಶಶಿಧರ ಸರ್."

"ಅವರು ಸೋಫಾದ ಗುರ್ತು ಹಿಡಿಯೂದಿಲ್ಲೇನ್ರಿ?"

"ಹಿಡೀತಾರ. ಹಿಡದು, ಉತ್ತಮ ಅಂತ ಬರೀತಾರ. ಹೊಸಾ ನಂಬರಿಗೆ ಜಾಗಾ ಐತಿಲ್ಲ ಬೆನ್ನ ಮ್ಯಾಲ? ಅರ್ಧಾ ತಾಸಿನ ಮಾತ್ರಿ."

ಕೇಳಿದವರು ವರನ ಕಡೆಯವರು. ಇಲ್ಲ ಎನ್ನುವ ಮಾತು ಬಾಯಿಗೆ ಬರುವಷ್ಟರಲ್ಲಿ ಮೇಡಂ ಹೊರಗೆ ಹೋಗಿ, ಹುಡುಗಿ ಒಪ್ಪಿಗೆ ಎಂದು ಹೇಳಿಯಾಗಿತ್ತು. ಸಕ್ಕರೆ ಹಂಚಿದರು. ಮದರಬೀ ಬಾಗಿಲಲ್ಲಿ ನಿಂತೇ ಒಂದು ಹಿಡಿ ತಿಂದಳು. ಕಾರು ಗಲ್ಲಿ ದಾಟಿದ ಮೇಲೆ ಮಾಯಕ್ಕ ಸೋಫಾದ ಮೇಲೆ ಕಾಲು ಮಡಚಿ ಕುಳಿತು, ಎಲೆಗೆ ಸುಣ್ಣ ಹಚ್ಚುತ್ತ ಸೊಸೆಯನ್ನು ಕರೆದಳು.

"ಯಾವಾಗ ಕರಕೊಂಡ ಹೋಗತಾರಂತ?"

ಪ್ರಮಿಳಾ ಸರಿದಿದ್ದ ಇಟ್ಟಂಗಿಯನ್ನು ಕಾಲಿನಿಂದ ಒಳಗೆ ತಳ್ಳಿದಳು.

"ತ್ರಿವೇಣೀನ ದೀಪಾವಳಿ ಆದಮ್ಯಾಲ್ರಿ," ಎಂದಳು. "ಸೋಫಾ ಮಂಗಳವಾರ."